ಶ್ರೀರಂಗಪಟ್ಟಣ ಗೆದ್ದ ಬ್ರಿಟಿಷರು ಅಲ್ಲೇ ಏಕೆ ನೆಲೆಯೂರಲಿಲ್ಲ?

ಜ್ವರಕ್ಕೆ ಹೆದರಿ. 1799ರಲ್ಲಿ ಟಿಪ್ಪು ಸತ್ತ ಮೇಲೆ ರಾಜಧಾನಿ ಮೈಸೂರಿಗೆ ಹೋಯಿತು, ಬ್ರಿಟಿಷ್ ಸೇನೆ ಮಾತ್ರ ಪಟ್ಟಣದಲ್ಲೇ ಉಳಿಯಿತು. ಆದರೆ ಊರು ಕಾವೇರಿಯ ಎರಡು ಕವಲುಗಳ ನಡುವಿನ ದ್ವೀಪ. ಕೋಟೆ ಸುತ್ತ ಕಂದಕ, ಆಚೆ ಗದ್ದೆ. ನಿಂತ ನೀರಲ್ಲಿ ಸೊಳ್ಳೆ, ಸೊಳ್ಳೆಯಿಂದ ಮಲೇರಿಯಾ. ಆಗಿನವರು ಪಾಪ, ‘ಕೆಟ್ಟ ಗಾಳಿ’ಯನ್ನು ದೂರುತ್ತಿದ್ದರು! 1809ರಲ್ಲಿ ದಂಡು ಎತ್ತರದ, ತಂಪಾದ ಬೆಂಗಳೂರಿಗೆ ಹೊರಟಿತು. ಅಲ್ಲಿನ ಕಂಟೋನ್ಮೆಂಟ್ ಹುಟ್ಟಿದ್ದು ಹಾಗೆ.

ದರಿಯಾ ದೌಲತ್, ರಂಗನಾಥಸ್ವಾಮಿ ಗುಡಿ ಎಲ್ಲರೂ ನೋಡುತ್ತಾರೆ. ನನ್ನ ಕೇಳಿದರೆ, ಹೊಳೆದಂಡೆಯ ಗ್ಯಾರಿಸನ್ ಸ್ಮಶಾನಕ್ಕೂ ಹೋಗಿ. ಸೈನಿಕರ ಗೋರಿಗಳ ಪಕ್ಕದಲ್ಲೇ ಹೆಂಡತಿ ಮಕ್ಕಳದೂ ಇವೆ. ಬ್ರಿಟಿಷರ ಪರ ಸಂಬಳಕ್ಕೆ ಕಾದಿದ ಸ್ವಿಟ್ಜರ್ಲೆಂಡಿನ ಡಿ ಮ್ಯೂರಾನ್ ರೆಜಿಮೆಂಟಿನವರೂ ಅಲ್ಲೇ ಮಣ್ಣಾಗಿದ್ದಾರೆ. ಹಾಗೇ ದಿವಾನ್ ಪೂರ್ಣಯ್ಯನವರು 1804ರಲ್ಲಿ ಕಟ್ಟಿಸಿದ ವೆಲ್ಲೆಸ್ಲಿ ಸೇತುವೆಯ ಕಲ್ಲುಕಂಬಗಳನ್ನೂ ನೋಡಿ ಬನ್ನಿ.