ಯಾವ್ದು ಓರೆ, ಯಾವ್ದು ನೆಟ್ಟಗೆ?

ಪ್ರಶ್ನೆ: ರಾಗಿ ಬೆಳೆ ಬಗ್ಗೆ ಪಿಎಚ್‌ಡಿ ಮಾಡ್ತಿದೀನಿ. ರೆಫರೆನ್ಸ್ ಎಲ್ಲ ಎಪಿಎ (ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್) ಸ್ಟೈಲಲ್ಲಿ ಇರ್ಬೇಕಂತೆ. ನಾನು ಲೇಖನಗಳ ಹೆಸರಿಗೆ ಇಟಾಲಿಕ್ಸ್ (ಓರೆ ಅಕ್ಷರ) ಹಾಕಿ ಕೊಟ್ರೆ ಗೈಡ್ ಜರ್ನಲ್ ಹೆಸರಿನ ಕೆಳಗೆಲ್ಲ ಕೆಂಪು ಗೀಟು ಎಳೆದು ವಾಪಸ್ ಕೊಟ್ರು, ಒಂದಕ್ಷರ ಬರೆದಿಲ್ಲ. ಜರ್ನಲ್ ಹೆಸರೇ ತಪ್ಪಾ? ಕನ್ನಡ ಪುಸ್ತಕಗಳಿಗೆ ಏನ್ ಮಾಡ್ಲಿ?
ಓದುಗಿ, ಮಂಡ್ಯ

ಉತ್ತರ: ಹೆಸರು ಸರಿಯಾಗೇ ಇದೆಯಮ್ಮ. ಪ್ರೂಫ್ ನೋಡೋರ ಲೆಕ್ಕದಲ್ಲಿ ಪದದ ಕೆಳಗೆ ಒಂದು ಗೀಟು ಅಂದ್ರೆ ಇದನ್ನ ಇಟಾಲಿಕ್ಸ್ ಮಾಡಿ ಅಂತ, ಟೈಪ್‌ರೈಟರಲ್ಲಿ ಓರೆ ಅಕ್ಷರ ಇರ್ತಿರ್ಲಿಲ್ವಲ್ಲ, ಆಗ ಹಿಂಗೇ ಗೀಟು ಹಾಕಿ ಪ್ರೆಸ್ಸಿಗೆ ಕಳಿಸ್ತಿದ್ರು. ಬಾಯಲ್ಲಿ ಒಂದು ಮಾತು ಹೇಳ್ಬಹುದಿತ್ತು ನಿಮ್ಮ ಗೈಡು, ಇರ್ಲಿ.

ಲೈಬ್ರರಿ ರ್‍ಯಾಕಿಂದ ಎತ್ಕೊಂಡು ಕೈಲಿ ಹಿಡಿಯೋ ಅಂಥದ್ದು ಓರೆ, ಅದರೊಳಗೆ ಸೇರ್ಕೊಂಡಿರೋದು ನೆಟ್ಟಗೆ. ಪುಸ್ತಕದ ಹೆಸರು ಓರೆ, ಅಧ್ಯಾಯದ್ದು ಅಲ್ಲ. ಜರ್ನಲ್ ಓರೆ, ಲೇಖನ ಅಲ್ಲ. ಎಪಿಎದಲ್ಲಿ ಎಲ್ರೂ ಎಡವೋದು ನಂಬರ್ ಹತ್ರ: ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ, 55(12) ಅಂತಿದ್ರೆ ಹೆಸರು, ಪಕ್ಕದ ಕಾಮಾ, 55 ಅನ್ನೋ ಸಂಪುಟ ಸಂಖ್ಯೆ ಇಷ್ಟೂ ಓರೆ, ಆದ್ರೆ 12 ಅನ್ನೋ ಸಂಚಿಕೆ ಸಂಖ್ಯೆ ಮಾತ್ರ ಬ್ರಾಕೆಟ್ ಸಮೇತ ನೆಟ್ಟಗೆ, ಪುಟ ಸಂಖ್ಯೆನೂ ನೆಟ್ಟಗೆ. ಎಂಎಲ್‌ಎ ಅನ್ನೋ ಇನ್ನೊಂದು, ಭಾಷೆ-ಸಾಹಿತ್ಯದವರ ಸ್ಟೈಲಲ್ಲಿ ಸಂಪುಟಾನೂ ನೆಟ್ಟಗೇ ಇರತ್ತೆ, ಹಂಗಾಗಿ ಇಂಗ್ಲಿಷ್ ಎಂಎ ಫ್ರೆಂಡ್ ಲಿಸ್ಟ್ ನೋಡಿ ಕಾಪಿ ಹೊಡೀಬೇಡಿ.

ನಿಮ್ಮ ವಿಷ್ಯದಲ್ಲಿ ಇನ್ನೊಂದು ತಲೆನೋವಿದೆ. ರಾಗಿಯ ಸಸ್ಯಶಾಸ್ತ್ರದ ಹೆಸರು, ಎಲ್ಯೂಸಿನೆ ಕೊರಕಾನಾ, ಯಾವಾಗ್ಲೂ ಓರೆ. ಲೇಖನದ ಹೆಸರಲ್ಲಿ ಬಂದ್ರೆ ಅದಷ್ಟೇ ಓರೆ. ಪುಸ್ತಕದ ಹೆಸರಲ್ಲಿ ಬಂದ್ರೆ? ಸುತ್ತ ಎಲ್ಲ ಓರೆ ಇರೋದ್ರಿಂದ ಅದು ಉಲ್ಟಾ ನೆಟ್ಟಗಾಗತ್ತೆ. ಯಾರೋ ಮರೆತಿದಾರೆ ಅಂತ ಸರಿ ಮಾಡೋಕೆ ಹೋಗ್ಬೇಡಿ.

ಕನ್ನಡ ಪುಸ್ತಕದ ಕಥೆ ಬೇರೆ. ಥೀಸಿಸ್ ಇಂಗ್ಲಿಷಲ್ಲಿದ್ರೆ ಪುಸ್ತಕದ ಹೆಸರನ್ನ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಓರೆ ಮಾಡಿ, ಪಕ್ಕದಲ್ಲಿ ಚೌಕ ಬ್ರಾಕೆಟ್ ಹಾಕಿ ಅದರ ಅರ್ಥ, ಅದು ನೆಟ್ಟಗೆ. ಥೀಸಿಸ್ಸೇ ಕನ್ನಡದಲ್ಲಿದ್ರೆ ಓರೆ ಮಾಡೋ ಕಂಟ್ರೋಲ್ ಐ ಒತ್ಲೇಬೇಡಿ ಅಂತೀನಿ ನಾನು. ಹೆಚ್ಚಿನ ಕನ್ನಡ ಫಾಂಟಲ್ಲಿ ಇಟಾಲಿಕ್ಸ್ ಅಂತ ಬೇರೆ ಅಕ್ಷರ ಇರಲ್ಲ, ಕಂಪ್ಯೂಟರ್ ಇರೋದನ್ನೇ ಹಿಡ್ಕೊಂಡು ವಾಲಿಸತ್ತೆ, 'ಶಾಸ್ತ್ರ' ಅಂತ ಟೈಪ್ ಮಾಡಿ ನೋಡಿ, ತಲೆ ಬಲಕ್ಕೆ, ಕೆಳಗಿನ ಒತ್ತು ಎಡಕ್ಕೆ, ಹಿಂದಿನ ಅಕ್ಷರದ ಕಾಲಿಗೇ ಹೋಗಿ ತಾಗತ್ತೆ. ಸಿಂಗಲ್ ಕೋಟ್ಸ್ ಇಲ್ಲಾ ಬೋಲ್ಡ್, ಯಾವ್ದಾದ್ರೂ ಒಂದು, ಕೊನೇ ಪುಟದವರೆಗೂ ಅದೇ. ಯಾವ್ದು ಅಂತ ಗೈಡ್ ಹತ್ರ ಈ ಸಲ ಬಾಯಿಬಿಟ್ಟು ಕೇಳಿ, ಮತ್ತೆ ಗೀಟು ನೋಡಿ ಊಹೆ ಮಾಡ್ಕೊಂಡು ಕೂರ್ಬೇಡಿ.