ಟೈಂ ಬಾಂಬ್ ಬಿಡಿ, ತಂತಿ ಹಾಸಿದ್ದು ಹೇಗೆ ಅಂತ ಹೇಳಿ

ನಮಸ್ಕಾರ.

ನಿಮ್ಮ ‘ಸರೋವರದಡಿಯ ಟೈಂ ಬಾಂಬ್’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಹಾಕಲು ಆಗುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ, ವಿಷಯ ನಮಗೆ ಬೇಕಾದದ್ದೇ. ಆರ್ಕ್ಟಿಕ್ ಸರೋವರಗಳ ತಳದಲ್ಲಿ ಹೆಪ್ಪುನೆಲ (ವರ್ಷಗಟ್ಟಲೆ ಹೆಪ್ಪುಗಟ್ಟಿಯೇ ಇರುವ ನೆಲ, ಪರ್ಮಾಫ್ರಾಸ್ಟ್) ಏನಾಗುತ್ತಿದೆ, ಅದನ್ನು ಅಗೆಯದೆ ಅಳೆಯುವುದು ಹೇಗೆ ಅಂತ ಕನ್ನಡದಲ್ಲಿ ಬರೆಯಲು ಹೊರಟವರೇ ಕಡಿಮೆ. ಅದಕ್ಕೇ ‘ಪ್ರಕಟಣೆಗೆ ಆಯ್ಕೆಯಾಗಿಲ್ಲ’ ಅಂತ ಒಂದು ಸಾಲು ಬರೆದು ಕೈತೊಳೆದುಕೊಳ್ಳದೆ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟ ಹೊಡೆದು ಹಾಕಿದ್ದೇನೆ. ಹಿಮಕರಡಿ, ಮುಳುಗುವ ನಗರಗಳು, ‘ಪ್ರಕೃತಿ ಮುನಿದಿದ್ದಾಳೆ’. ಇದನ್ನೆಲ್ಲ ಓದುಗರು ನೂರು ಸಲ ಓದಿದ್ದಾರೆ. ಉತ್ತರದ ಹೆಪ್ಪುನೆಲದಲ್ಲಿ ಸುಮಾರು 1,500 ಶತಕೋಟಿ ಟನ್ ಇಂಗಾಲ ಇದೆ, ವಾತಾವರಣದಲ್ಲಿ ಇರುವುದರ ಹತ್ತಿರ ಹತ್ತಿರ ಎರಡರಷ್ಟು ಅಂದಿದ್ದೀರಲ್ಲ, ಆ ಒಂದು ಸಾಲು ಉಳಿಯಲಿ. ಹೆಪ್ಪು ಬಿಟ್ಟರೆ ಅದರಲ್ಲಿ ಒಂದಷ್ಟು ಗಾಳಿಗೆ ಸೇರುತ್ತದೆ, ಭಯ ಹುಟ್ಟಿಸಲು ಅದೇ ಸಾಕು.

ಲೇಖನದ ಜೀವ ನಾಲ್ಕನೇ ಪುಟದಲ್ಲಿ ಅರ್ಧ ಸಾಲಿನೊಳಗೆ ಅಡಗಿ ಕೂತಿದೆ. ‘ಆಳವಾದ ಸರೋವರಗಳಲ್ಲಿ ಪರಿಣಾಮ ಜಾಸ್ತಿ’ ಅಂತ ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಯಾಕೆ ಜಾಸ್ತಿ? ಅಲಾಸ್ಕಾದ ಉತ್ತರದ ಬಯಲಿನಲ್ಲಿ ಸರೋವರದ ಮೇಲೆ ಚಳಿಗಾಲದ ಮಂಜುಗಡ್ಡೆ ಸುಮಾರು ಒಂದೂವರೆಯಿಂದ ಎರಡು ಮೀಟರ್ ದಪ್ಪ ಕಟ್ಟುತ್ತದೆ. ಒಂದೇ ಮೀಟರ್ ಆಳದ ನೀರಾದರೆ ತಳದವರೆಗೂ ಗಡ್ಡೆ. (ಇಷ್ಟು ನೀರಿಗೆ ಸರೋವರ ಅನ್ನಬೇಕಾ? ಕೆರೆ ಅಂದರೂ ನಡೆಯುತ್ತದೆ.) ಚಳಿ ಆ ಗಡ್ಡೆಯ ಮೂಲಕ ನೆಲಕ್ಕಿಳಿಯುತ್ತದೆ, ನೆಲ ಹೆಪ್ಪುಗಟ್ಟಿಕೊಂಡೇ ಇರುತ್ತದೆ. ಪಕ್ಕದ್ದು ಮೂರು ಮೀಟರ್ ಆಳ ಅಂದುಕೊಳ್ಳಿ. ಅಲ್ಲಿ ಮೇಲೆ ಗಡ್ಡೆ, ಕೆಳಗೆ ನೀರು. ಸಿಹಿನೀರು ನೀರಾಗಿಯೇ ಉಳಿದಿದೆ ಅಂದಮೇಲೆ ಅದು ಸೊನ್ನೆ ಡಿಗ್ರಿಗಿಂತ ಕೆಳಗೆ ಹೋಗಿಲ್ಲ. ಹೊರಗೆ ಮೈನಸ್ 30 ಇದ್ದಾಗಲೂ ತಳದ ಮಣ್ಣಿಗೆ ಚಳಿಗಾಲ ಮುಟ್ಟುವುದೇ ಇಲ್ಲ. ವರ್ಷ ವರ್ಷವೂ ಅದರಡಿಯ ನೆಲ ಹೆಪ್ಪು ಬಿಡುತ್ತಾ ಹೋಗುತ್ತದೆ. ಹೀಗೆ ಹೆಪ್ಪುನೆಲದ ನಡುವೆ ಹೆಪ್ಪಿಲ್ಲದೆ ಇರುವ ಜಾಗಕ್ಕೆ ಟಾಲಿಕ್ ಅನ್ನುತ್ತಾರೆ, ರಷ್ಯನ್ನಿಂದ ಬಂದ ಪದ. ಮೇಲೆ ಒಂದೆರಡು ಮೀಟರ್ ನೀರಿನ ವ್ಯತ್ಯಾಸ, ಕೆಳಗೆ ಹತ್ತಾರು ಮೀಟರ್ ನೆಲದ ಹಣೆಬರಹವೇ ಬೇರೆ. ಚಳಿಗಾಲ ಮೆತ್ತಗಾಗಿ ಗಡ್ಡೆ ತೆಳುವಾದರೆ, ಇಷ್ಟು ದಿನ ತಳ ಮುಟ್ಟುತ್ತಿದ್ದ ಕಡೆಯೂ ಮುಟ್ಟುವುದಿಲ್ಲ. ಲೇಖನ ಇಲ್ಲಿಂದಲೇ ಶುರುವಾಗಬೇಕು, ಅಲ್ವಾ?

ಒಂದು ಪದದ ತಕರಾರು. ಉದ್ದಕ್ಕೂ ‘ಹೆಪ್ಪುನೆಲ ಕರಗುತ್ತಿದೆ’ ಅಂದಿದ್ದೀರಿ. ನೆಲ ಕರಗುವುದಿಲ್ಲ, ಹೆಪ್ಪು ಬಿಡುತ್ತದೆ. ಕರಗುವುದು ಅದರೊಳಗಿನ ಗಡ್ಡೆ. ಗಡ್ಡೆ ಜಾಸ್ತಿ ಇದ್ದ ಕಡೆ ನೆಲ ಕುಸಿದು, ಆ ಗುಂಡಿಯಲ್ಲಿ ನೀರು ನಿಂತು ಹೊಸ ಸರೋವರ ಹುಟ್ಟುತ್ತದೆ. ನೀವು ವಿವರಿಸದೆ ಬಿಟ್ಟ ‘ಥರ್ಮೋಕಾರ್ಸ್ಟ್’ ಇದೇ.

ಇನ್ನು ಅಗೆಯದೆ ಅಳೆಯುವ ವಿಧಾನಗಳು. ಆರು ಹೆಸರು, ತಲಾ ಎರಡು ಸಾಲು. ಓದಿದವರಿಗೆ ಒಂದೂ ನೆನಪಿರುವುದಿಲ್ಲ. ಕೊನೆಗೆ ‘ಎಕ್ಸ್-ರೇ ತೆಗೆದಂತೆ ನೆಲದಡಿಯ ಹಿಮವನ್ನು ಕಂಡರು’ ಅಂತ ಮುಗಿಸಿದ್ದೀರಿ. ಯಾರೂ ಹಿಮ ಕಂಡಿಲ್ಲ. ಅಳೆದವರಿಗೆ ಸಿಕ್ಕಿದ್ದು, ಆ ನೆಲದಲ್ಲಿ ಕರೆಂಟ್ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವ ಲೆಕ್ಕ ಮಾತ್ರ. ನೀರು ತುಂಬಿದ ಹೂಳಿನಲ್ಲಿ ಸಲೀಸು. ಅದೇ ಹೂಳು ಹೆಪ್ಪುಗಟ್ಟಿದರೆ ಕಷ್ಟ. ಗಡ್ಡೆಯೇ ಜಾಸ್ತಿ ಇದ್ದರೆ ಹರಿಯುವುದೇ ಇಲ್ಲ ಅನ್ನುವಷ್ಟು ಕಷ್ಟ.

ಒಂದೇ ವಿಧಾನ ತೆಗೆದುಕೊಂಡು ಕಣ್ಣಿಗೆ ಕಟ್ಟುವ ಹಾಗೆ ಬರೆಯಿರಿ. ಮಾರ್ಚ್, ಏಪ್ರಿಲ್ ತಿಂಗಳು. ಬೆಳಕು ಮರಳಿರುತ್ತದೆ, ಗಡ್ಡೆ ಇನ್ನೂ ಸ್ನೋಮೊಬೈಲ್ ಹೊರುವಷ್ಟು ಗಟ್ಟಿ. ಸರೋವರದ ಮೇಲೆ ಚೌಕಾಕಾರವಾಗಿ ತಂತಿ ಹಾಸುತ್ತಾರೆ. ಕರೆಂಟ್ ಬಿಡುತ್ತಾರೆ, ತಟ್ಟನೆ ನಿಲ್ಲಿಸುತ್ತಾರೆ. ನಿಂತ ಕ್ಷಣ ಕೆಳಗಿನ ನೆಲದಲ್ಲಿ ಸುಳಿಯಂತೆ ಕರೆಂಟ್ ಹುಟ್ಟಿ, ಆಳಕ್ಕೂ ಅಗಲಕ್ಕೂ ಹರಡುತ್ತಾ ಸಾಯುತ್ತದೆ. ಅದು ಸಾಯುವ ವೇಗವೇ ಮಾಹಿತಿ. ಎಲ್ಲ ಸೆಕೆಂಡಿನ ಲಕ್ಷದಲ್ಲೊಂದು, ಸಾವಿರದಲ್ಲೊಂದು ಪಾಲಿನ ಆಟ. ಬೇಗ ಸತ್ತರೆ ಹೆಪ್ಪಿರಬಹುದು, ನಿಧಾನವಾಗಿ ಸತ್ತರೆ ನೀರಿರಬಹುದು. ಮೊದಲು ಸಿಗುವುದು ಮೇಲಿನ ಪದರದ ಸುದ್ದಿ, ತಡವಾಗಿ ಸಿಗುವುದು ಆಳದ್ದು. ಇಲ್ಲಿ ತಂತಿ ನೆಲ ಮುಟ್ಟಬೇಕಾಗಿಲ್ಲ. ನೀವು ಹೊಗಳಿದ ಇಲೆಕ್ಟ್ರೋಡ್ (ಕರೆಂಟ್ ಹಾಯಿಸುವ ಲೋಹದ ಕಡ್ಡಿ) ವಿಧಾನದಲ್ಲಾದರೆ ಗಡ್ಡೆಯಲ್ಲಿ ಸಾಲಾಗಿ ತೂತು ಕೊರೆದು ಒಂದೊಂದನ್ನೂ ನೀರಿಗೆ ಇಳಿಸಬೇಕು, ಯಾಕೆಂದರೆ ಗಡ್ಡೆ ಕರೆಂಟನ್ನು ಒಳಗೇ ಬಿಡುವುದಿಲ್ಲ. ಇಂಥ ಒಂದು ಪರದಾಟ ಬರೆದರೆ ಓದುಗ ನಿಮ್ಮ ಕೈ ಹಿಡಿದು ಬರುತ್ತಾನೆ.

‘ಇರಬಹುದು’ ಅಂತ ಎರಡು ಸಲ ಬರೆದೆ, ಗಮನಿಸಿದಿರಾ? ನಿಮ್ಮ ಲೇಖನದಲ್ಲಿ ಆ ಪದವೇ ಇಲ್ಲ. ಹೆಪ್ಪುನೆಲದ ವ್ಯಾಖ್ಯೆ ನಿಂತಿರುವುದು ಉಷ್ಣತೆಯ ಮೇಲೆ: ಕನಿಷ್ಠ ಎರಡು ವರ್ಷ ಸತತವಾಗಿ ಸೊನ್ನೆ ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ. ಉಪಕರಣ ಅಳೆಯುವುದು ವಿದ್ಯುತ್ತನ್ನು. ಇವೆರಡು ಯಾವಾಗಲೂ ಕೂಡಿ ಬರುವುದಿಲ್ಲ. ಕರಾವಳಿಯ ಉಪ್ಪುಮಣ್ಣಿನ ನೀರು ಮೈನಸ್ ಎರಡರಲ್ಲೂ ಗಡ್ಡೆಕಟ್ಟದೆ ಇರಬಹುದು. ವ್ಯಾಖ್ಯೆಯ ಪ್ರಕಾರ ಅದು ಹೆಪ್ಪುನೆಲ, ಉಪಕರಣದ ಪ್ರಕಾರ ನೀರು. ಜೇಡಿಮಣ್ಣಿನಲ್ಲೂ ಇದೇ ಗೋಳು. ಅದಕ್ಕೇ ಒಂದರ ಜೊತೆ ಇನ್ನೊಂದು ವಿಧಾನ ಇಟ್ಟು ನೋಡುತ್ತಾರೆ. ಭೂಮಿಯ ಕಾಂತಕ್ಷೇತ್ರ ಬಳಸಿ ನೀರಿನೊಳಗಿನ ಹೈಡ್ರೋಜನ್ನನ್ನು ಮಾತಾಡಿಸುವ ಎನ್‌ಎಂಆರ್ (ನ್ಯೂಕ್ಲಿಯರ್ ಮ್ಯಾಗ್ನೆಟಿಕ್ ರೆಸೊನೆನ್ಸ್) ಅನ್ನುವ ವಿಧಾನ ಇದೆ. ದ್ರವ ನೀರಾದರೆ ಉತ್ತರ ಕೊಡುತ್ತದೆ, ಗಡ್ಡೆಯ ಉತ್ತರ ಉಪಕರಣಕ್ಕೆ ಕೇಳಿಸುವ ಮೊದಲೇ ಅಡಗಿಹೋಗಿರುತ್ತದೆ. ಸಾಧ್ಯವಾದ ಕಡೆ ಕೊಳವೆ ಕೊರೆದು ಥರ್ಮಾಮೀಟರ್ ಇಳಿಸಿ ತಾಳೆ ನೋಡುತ್ತಾರೆ.

2010ರಲ್ಲಿ ಅಮೆರಿಕದ ಭೂವೈಜ್ಞಾನಿಕ ಸರ್ವೆ ಅಲಾಸ್ಕಾದ ಫೋರ್ಟ್ ಯೂಕಾನ್ ಸುತ್ತ ಹೆಲಿಕಾಪ್ಟರ್‌ನಿಂದ ಮಾಡಿದ ಹೆಪ್ಪುನೆಲದ ಸಮೀಕ್ಷೆಯನ್ನು ನೀವು ಸರಿಯಾಗಿಯೇ ಬರೆದಿದ್ದೀರಿ. ಆದರೆ ಅದಕ್ಕಿಂತ ರುಚಿಯಾದ ಒಂದು ಕತೆ ಬಿಟ್ಟಿದ್ದೀರಿ. ಕೆನಡಾದ ಹೆಪ್ಪುನೆಲ ವಿಜ್ಞಾನಿ ರಾಸ್ ಮೆಕೇ 1978ರಲ್ಲಿ ಅಲ್ಲಿನ ಆರ್ಕ್ಟಿಕ್ ಕರಾವಳಿಯ ರಿಚರ್ಡ್ಸ್ ದ್ವೀಪದ ಒಂದು ಸರೋವರವನ್ನು ಬೇಕಂತಲೇ ಬರಿದು ಮಾಡಿದರು. ನೀರಿನ ಹೊದಿಕೆ ತೆಗೆದರೆ ತಳದ ನೆಲ ಮತ್ತೆ ಹೇಗೆ ಹೆಪ್ಪುಗಟ್ಟುತ್ತದೆ ಅಂತ ವರ್ಷಗಟ್ಟಲೆ ನೋಡಲು. ಆ ಜಾಗದ ಹೆಸರು ಇಲಿಸಾರ್ವಿಕ್. ನಿಮ್ಮ ಕತೆಯನ್ನೇ ಉಲ್ಟಾ ಓಡಿಸಿ ನೋಡಿದ ಹಾಗೆ.

1,200 ಪದಕ್ಕೆ ಇಳಿಸಿ ಕಳಿಸಿ. ಅಳತೆಯನ್ನು ಬಣ್ಣದಲ್ಲಿ ತೋರಿಸುವ ಚಿತ್ರ ಹಾಕುವುದಾದರೆ, ಯಾವ ಬಣ್ಣ ಅಂದರೆ ಏನು ಅಂತ ಹೇಳುವ ಪಕ್ಕದ ಅಳತೆಪಟ್ಟಿ ಕತ್ತರಿಸಬೇಡಿ. ಒಮ್ಮೆ ನಾನೇ ಜಾಗ ಉಳಿಸಲು ಅದನ್ನು ಕತ್ತರಿಸಿ ಅಚ್ಚು ಹಾಕಿ, ‘ನೀಲಿ ಅಂದರೆ ನೀರಾ, ಗಡ್ಡೆಯಾ?’ ಅಂತ ಕೇಳಿದವರಿಗೆಲ್ಲ ಉತ್ತರ ಬರೆಯುತ್ತಾ ಕೂತಿದ್ದೆ. ಆ ಚಿತ್ರದಲ್ಲಿ ನೀಲಿ ಅಂದರೆ ಗಡ್ಡೆ. ನಿಮ್ಮದರಲ್ಲಿ ನೀರು ಅಂತ ಕಾಣುತ್ತೆ, ನೋಡಿ ಹೇಳಿ.