ಬೆಲ್ಲ ಕಡಿಮೆ ಹಾಕಿದ ಗುಳಂಬ ವರ್ಷವಿಡೀ ಉಳಿಯುತ್ತದೆಯೇ?

ಬೆಲ್ಲವನ್ನು ಅರ್ಧಕ್ಕಿಳಿಸಿ, ಗಾಳಿಯಾಡದ ಮುಚ್ಚಳದ ಬಾಟಲಿಯಲ್ಲಿ ತುಂಬಿದರೆ ಮಾವಿನಕಾಯಿ ಗುಳಂಬ (ಕಾಯಿತುರಿಯನ್ನು ಬೆಲ್ಲದಲ್ಲಿ ಕುದಿಸಿದ ಗಟ್ಟಿ ಪಾಕ) ಮುಂದಿನ ಬೇಸಿಗೆಯವರೆಗೆ ಉಳಿಯುವುದೇ, ಅದಕ್ಕೆ ಯಾವ ಬಾಟಲಿ ಕೊಳ್ಳಬೇಕು ಎಂದು ಕೇಳಿದ್ದೀರಿ. ಮದುವೆಯಾಗಿ ಹುಬ್ಬಳ್ಳಿಗೆ ಬಂದ ಮೊದಲ ಬೇಸಿಗೆಯಲ್ಲಿ ಇದೇ ಲೆಕ್ಕ ಹಾಕಿ, ಆರು ಬಾಟಲಿ ಗುಳಂಬವನ್ನು ಮೋರಿಗೆ ಸುರಿದವಳು ನಾನು.

ನನ್ನ ತವರು ಹಾನಗಲ್ ತಾಲ್ಲೂಕಿನ ಒಂದು ಹಳ್ಳಿ. ಏಪ್ರಿಲ್ ತಿಂಗಳ ಗಾಳಿಮಳೆಗೆ ಉದುರಿದ ಕಾಯಿಗಳನ್ನು ನಾವು ಬುಟ್ಟಿಗಟ್ಟಲೆ ಆರಿಸಿ ತಂದರೆ, ಅವ್ವ ಪೆಟ್ಟು ಬಿದ್ದ ಭಾಗವನ್ನು ಕೊಯ್ದು ತೆಗೆದು, ಉಳಿದುದನ್ನು ಹೆರೆದು, ಒಂದು ಸೇರು ತುರಿಗೆ ಒಂದೂವರೆ ಸೇರು ಬೆಲ್ಲದಂತೆ ಕಲಾಯಿ ಹಾಕಿಸಿದ ಪಾತೇಲಿಯಲ್ಲಿ ಒಲೆಗೇರಿಸುತ್ತಿದ್ದಳು. ತುರಿಯ ಬಿಳುಪು ಹೋಗಿ ಜೇನಿನ ಬಣ್ಣ ಬಂದು, ತಟ್ಟೆಗೆ ಬಿಟ್ಟ ಹನಿ ಹರಿಯದೆ ನಿಂತಾಗ ಏಲಕ್ಕಿ, ಲವಂಗ ಹಾಕಿ ಇಳಿಸುವಳು. ಬಾಯಿಗೆ ಬಟ್ಟೆ ಕಟ್ಟಿದ ಆ ಭರಣಿ ಯುಗಾದಿಯವರೆಗೂ ಕೆಡುತ್ತಿರಲಿಲ್ಲ.

ಸಿಹಿ ಕಡಿಮೆಯಿದ್ದರೆ ಆರೋಗ್ಯಕ್ಕೆ ಒಳ್ಳೆಯದೆಂದು ನಾನು ಒಂದು ಕಿಲೋ ತುರಿಗೆ ಅರ್ಧ ಕಿಲೋ ಬೆಲ್ಲ ಹಾಕಿದೆ. ಪಾಕ ಗಟ್ಟಿಯಾದಂತೆಯೇ ಕಂಡಿತು, ಮೋಸ ಹೋದದ್ದು ಅಲ್ಲಿಯೇ. ಮಾವಿನ ನಾರು ಮತ್ತು ಕಾಯಿಯಲ್ಲೇ ಇರುವ ಪೆಕ್ಟಿನ್ ಎಂಬ ಅಂಟಿನಂಥ ಪದಾರ್ಥದಿಂದಲೂ ಅದು ಗಟ್ಟಿಯಾಗುತ್ತದೆ, ಆದರೆ ಒಳಗೆ ನೀರು ಬೇಕಾದಷ್ಟು ಉಳಿದಿರುತ್ತದೆ. ಜಾಮಿನಂಥ ಪದಾರ್ಥದಲ್ಲಿ ಸಕ್ಕರೆಯ ಅಂಶ ಸುಮಾರು ಶೇ. 65 ದಾಟಿದಾಗ ಅದು ನೀರನ್ನು ಹಿಡಿದಿಟ್ಟುಕೊಂಡು ಬೂಷ್ಟಿಗೂ ಯೀಸ್ಟಿಗೂ ದಕ್ಕದಂತೆ ಮಾಡುತ್ತದೆ. ನನ್ನದರಲ್ಲಿ ಅದರ ಹತ್ತಿರಕ್ಕೂ ಬಂದಿರಲಿಲ್ಲ. ಎರಡು ವಾರ ಕಳೆಯುವಷ್ಟರಲ್ಲಿ ಮುಚ್ಚಳಗಳು ಉಬ್ಬಿದವು. ಒಂದನ್ನು ತಿರುಗಿಸಿದೊಡನೆ ಬುಸ್ಸೆಂದು ನೊರೆ ಉಕ್ಕಿ, ಹೆಂಡದ ಹುಳಿವಾಸನೆ ಅಡುಗೆಮನೆ ತುಂಬಿತು. ಫೋನಿನಲ್ಲಿ ಹೇಳಿದಾಗ ಅವ್ವ ಕೇಳಿದ್ದು ಒಂದೇ ಮಾತು: "ಬೆಲ್ಲ ಎಷ್ಟ ಹಾಕಿದ್ದಿವಾ?"

ಆದ್ದರಿಂದ ಬಾಟಲಿಯ ಪ್ರಶ್ನೆಯೇ ತಪ್ಪು ಎಂಬುದು ನನ್ನ ಅಭಿಪ್ರಾಯ. ಗಾಳಿಯಿಲ್ಲದೆಯೂ ಯೀಸ್ಟ್ ಹುಳಿಯಿಸಬಲ್ಲದು. ಎಷ್ಟೇ ಬಿಗಿಯಾದ ಮುಚ್ಚಳವಾದರೂ ಒಳಗೆ ಸೇರಿಕೊಂಡದ್ದನ್ನು ಅದು ತಡೆಯಲಾರದು. ಬೆಲ್ಲ ಬೇಡವೆನಿಸಿದರೆ ಒಂದು ವಾರಕ್ಕಾಗುವಷ್ಟೇ ಮಾಡಿ ಫ್ರಿಜ್ಜಿನಲ್ಲಿಡಿ. ವರ್ಷಕ್ಕೆ ಬೇಕೆಂದರೆ ಅವ್ವನ ಅಳತೆಯಲ್ಲೇ ಮಾಡಿ, ಚಪಾತಿಗೆ ಹಚ್ಚುವಾಗ ಕಡಿಮೆ ಹಚ್ಚಿಕೊಳ್ಳಿ. ಮಾಗಿದ ಹಣ್ಣಿನ ರಸವನ್ನು ತುಂಬಿಡುವ ಯೋಚನೆಯಿದ್ದರೆ ಅದರ ಲೆಕ್ಕವೇ ಬೇರೆ: ಹಣ್ಣಿನಲ್ಲಿ ಕಾಯಿಯಷ್ಟು ಹುಳಿ ಇರುವುದಿಲ್ಲ, ಪಿಎಚ್ (ಹುಳಿಯ ಅಳತೆ, ಹುಳಿ ಕಡಿಮೆಯಾದಷ್ಟೂ ಇದು ಏರುತ್ತದೆ) 4.6ಕ್ಕಿಂತ ಮೇಲಿದ್ದರೆ ಮುಚ್ಚಿದ ಬಾಟಲಿಯಲ್ಲಿ ಪ್ರಾಣಾಪಾಯದ ವಿಷವೇ ಹುಟ್ಟಬಹುದು. ಆ ಕೆಲಸವನ್ನು ಅಂದಾಜಿನ ಮೇಲೆ ಮಾಡಲೇಬೇಡಿ.

ನಾನು ಈಗಲೂ ಹಳೆಯ ಹಾರ್ಲಿಕ್ಸ್ ಬಾಟಲಿಗಳನ್ನೇ ಕುದಿಸಿ, ಬಿಸಿಲಿನಲ್ಲಿ ಪೂರ್ತಿ ಒಣಗಿಸಿ ತುಂಬುತ್ತೇನೆ. ಒದ್ದೆ ಚಮಚ ಹಾಕುವ ಮಕ್ಕಳಿಗೆ ಮಾತ್ರ ಬೇರೆಯೊಂದು ಸಣ್ಣ ಡಬ್ಬಿ ಇಟ್ಟಿದ್ದೇನೆ.